ಮೊಮ್ಮಗಳ ಹಲ್ಲಿಗೆ ಇಬ್ಬರು ಅಜ್ಜಿಯರ ಕಾವಲು

ನಮ್ಮ ಮನೆಗೆ ಹೊಸ ವಸ್ತು ಯಾವುದು ಬಂದರೂ ಒಂಟಿಯಾಗಿ ಬರುವುದಿಲ್ಲ. ಅದರ ಬೆನ್ನಿಗೆ ಒಂದು ಜಗಳ ಬರುತ್ತದೆ, ಜಗಳದ ಬೆನ್ನಿಗೆ ಓಣಿಯೆಲ್ಲ ನಗುವಂಥ ಸಂಗತಿಯೊಂದು ನಡೆಯುತ್ತದೆ. ಮಿಕ್ಸರ್ ಬಂದಾಗ ಹಾಗಾಯಿತು, ವಾಷಿಂಗ್ ಮಷೀನ್ ಬಂದಾಗಲೂ ಹಾಗೇ ಆಯಿತು. ಈ ಸಲ ಬಂದದ್ದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ವಸ್ತು: ಆಟ ಆಡುವಾಗ ಹಲ್ಲು ಮುರಿಯದಂತೆ ಬಾಯೊಳಗೆ ಹಾಕಿಕೊಳ್ಳುವ ಮೌತ್‌ಗಾರ್ಡ್. ವಸ್ತು ಚಿಕ್ಕದಾದರೂ ಜಗಳಕ್ಕೇನೂ ಕಡಿಮೆಯಾಗಲಿಲ್ಲ.

ನಾನು ಬಿ.ಎ. ಓದಿದವಳು. ನಮ್ಮ ಕಾಲಕ್ಕೆ ಹೊಸಪೇಟೆಯ ನಮ್ಮ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಹೆಣ್ಣುಮಗಳು ನಾನೊಬ್ಬಳೇ. ಅಂದಿನಿಂದ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಅಭ್ಯಾಸ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಉಪ್ಪಿನಕಾಯಿ ಹಾಕಿದ ದಿನ, ಮೊಮ್ಮಗಳಿಗೆ ಹಲ್ಲು ಬಂದ ದಿನ, ಎಲ್ಲವೂ ನನ್ನ ಬಳಿ ಇವೆ. ಆದ್ದರಿಂದ ಇಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ನನ್ನ ಬೀಗತಿಯವರು, ಅಂದರೆ ಸೊಸೆಯ ತಾಯಿ, ಇದನ್ನೇ ಬೇರೆ ಥರ ಹೇಳಿಯಾರು. ಅವರು ಏನನ್ನೂ ಬರೆದಿಟ್ಟವರಲ್ಲ.

ಹಲ್ಲು ಯಾವ ಊರಿನವು?

ಮೊಮ್ಮಗಳು ಒಂಬತ್ತನೇ ತರಗತಿ ಓದುತ್ತಾಳೆ, ಕಬಡ್ಡಿ ತಂಡದಲ್ಲಿ ರೇಡರ್. ಒಂದು ಸಂಜೆ ತುಟಿ ಊದಿಸಿಕೊಂಡು ಮನೆಗೆ ಬಂದಳು. ಎದುರಾಳಿ ಹುಡುಗಿಯ ಮೊಣಕೈ ಬಡಿದಿತ್ತು. ಜೊತೆಗೆ ಬಂದಿದ್ದ ಪಿ.ಟಿ. ಸರ್ ಬಾಗಿಲಲ್ಲೇ ನಿಂತು, "ಇವತ್ತು ತುಟಿಗೆ ಹೋತ್ರಿ ಅಮ್ಮಾರ, ನಾಳೆ ಹಲ್ಲಿಗೇ ಬರಬಹುದು. ಕಂಪ್ಲಿ ಟೂರ್ನಮೆಂಟಿಗೆ ಮೌತ್‌ಗಾರ್ಡ್ ಇಲ್ದ ನಾ ಯಾರನ್ನೂ ಇಳಿಸಂಗಿಲ್ಲ," ಎಂದು ಹೇಳಿ ಹೋದರು.

ತುಟಿಗೆ ಐಸ್ ಹಿಡಿಯುವಷ್ಟರಲ್ಲಿ ಸಂಡೂರಿನಿಂದ ಫೋನ್ ಬಂತು. ಸುದ್ದಿ ನನಗಿಂತ ಮೊದಲು ಬೀಗತಿಗೆ ಹೋಗಿತ್ತು! ದಾರಿಯಲ್ಲಿ ಬರುತ್ತಲೇ ಹುಡುಗಿ ಮೆಸೇಜ್ ಮಾಡಿದ್ದಳಂತೆ.

ಬೀಗತಿಯ ಯಜಮಾನರು ದೋಣಿಮಲೈ ಗಣಿಯಲ್ಲಿ ಕೆಲಸದಲ್ಲಿದ್ದವರು. ನಿವೃತ್ತರಾದ ಮೇಲೆ ಕಂಪನಿಯ ಕ್ವಾರ್ಟರ್ಸ್ ಬಿಟ್ಟು ಸಂಡೂರಿನಲ್ಲಿ ಮನೆ ಕಟ್ಟಿಸಿದರು. ಆದರೆ ಬೀಗತಿಯ ಮಾತು ಇನ್ನೂ ಕ್ವಾರ್ಟರ್ಸ್ ಖಾಲಿ ಮಾಡಿಲ್ಲ.

"ನಮ್ಮ ಟೌನ್‌ಶಿಪ್‌ನಾಗ ಹಾಕಿ ಆಡೋ ಹುಡುಗ್ರೆಲ್ಲ ಗಾರ್ಡ್ ಹಾಕ್ಕೊಂತಿದ್ರು ಬೀಗ್ರೆ. ನೀವು ತಲಿ ಕೆಡಿಸ್ಕೊಬ್ಯಾಡ್ರಿ, ಛಲೋದು ನಾನು ತರಿಸ್ತೀನಿ. ನಮ್ಮ ಮನಿ ಹಲ್ಲು, ಹಾಳಾಗಬಾರ್ದು," ಎಂದರು.

ನಮ್ಮ ಮನಿ ಹಲ್ಲು!

"ಅಕಿ ಹಲ್ಲು ನನ್ನ ಹಲ್ಲಿನಂಗ ಅದಾವು ಅಂತ ಊರೆಲ್ಲ ಹೇಳ್ತೈತಿ," ಎಂದೆ.

"ಯಾವೂರ್ರಿ? ಮೊದಲನೇ ಹಲ್ಲು ಬಂದಿದ್ದು ನಮ್ಮ ಮನ್ಯಾಗ. ಬಾಣಂತನಕ್ಕ ಬಂದಾಗ ನಾನ ನೋಡಿದ್ದು. ನಿಮಗ ಫೋನ್ ಮಾಡಿ ಹೇಳಿದ್ದೂ ನಾನ."

ಅದು ನಿಜ. ನನ್ನ ಬರಹದಲ್ಲೂ 'ಹಲ್ಲು ಬಂತು, ಸಂಡೂರಿನಿಂದ ಫೋನ್' ಎಂದೇ ಇದೆ. ಹದಿನಾಲ್ಕು ವರ್ಷವಾದರೂ ಆ ಸಾಲು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತದೆ. ಆದರೆ ಓದಿದವಳು ನಾನು, ಅಷ್ಟಕ್ಕೇ ಬಿಡುತ್ತೇನೆಯೇ?

"ಬಂದಿದ್ದು ಹಾಲು ಹಲ್ಲು ಬೀಗ್ರೆ. ಅವೆಲ್ಲ ಬಿದ್ದಿದ್ದು ಇಲ್ಲಿ, ಸಗಣಿ ಉಂಡಿಯೊಳಗ ಇಟ್ಟು ಮಾಳಿಗಿ ಮ್ಯಾಲ ಒಗದಾಕಿ ನಾನು. ಈಗ ಬಾಯಾಗ ಇರೋ ಹಲ್ಲೆಲ್ಲ ಹೊಸಪೇಟಿವು. ನಿಮ್ಮ ಸಂಡೂರಿಂದು ಒಂದೂ ಉಳಿದಿಲ್ಲ."

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತದೆ ಕೇಳಿದರು: "ನನ್ನ ಹಲ್ಲು ಯಾರಿಗೂ ಬ್ಯಾಡೇನು? ಡಬ್ಬ್ಯಾಗ ಸುಮ್ನ ಕುಂತಾವು."

ಬೆಳೆಯೋ ಹುಡುಗಿ

ಸಂಡೂರಿನ ಗಾರ್ಡ್ ಬರುವ ಮೊದಲೇ ನನ್ನದು ಆ ಬಾಯೊಳಗಿರಬೇಕು ಎಂದು ಮರುದಿನವೇ ಮೊಮ್ಮಗಳನ್ನು ಕರೆದುಕೊಂಡು ಆಟದ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವರು ಎರಡು ಥರ ತೋರಿಸಿದರು.

"ಇದು ಹಂಗ ಹಾಕ್ಕೊಳ್ಳೋದ್ರಿ. ಇದು ಬಿಸಿನೀರಾಗ ಅದ್ದಿ, ಮೆತ್ತಗ ಮಾಡಿ ಕಚ್ಚೋದು. ಕಬಡ್ಡಿಗಾದ್ರ ಕಚ್ಚೋದ ತಗೋರಿ, ಬಾಯಿಗೆ ಕೂಡ್ತೈತಿ."

ಕಚ್ಚುವುದನ್ನೇ ಬೀಗತಿಯವರು ತರಿಸುತ್ತಿದ್ದಾರೆಂದು ಹುಡುಗಿ ಹೇಳಿದ್ದಳು. ಅವರು ತರಿಸಿದ್ದನ್ನೇ ನಾನೂ ಕೊಂಡರೆ ನನ್ನ ಹೆಚ್ಚುಗಾರಿಕೆ ಏನು ಉಳಿಯಿತು? "ಹಂಗ ಹಾಕ್ಕೊಳ್ಳೋದ ಕೊಡ್ರಿ. ಒಂದು ಸೈಜ್ ದೊಡ್ಡದಿರಲಿ, ಬೆಳಿಯೋ ಹುಡುಗಿ," ಎಂದೆ.

ನಮ್ಮ ಮನೆಯಲ್ಲಿ ಮಕ್ಕಳಿಗೆ ಅಳತೆಗೆ ಸರಿಯಾಗಿ ಯಾವುದನ್ನೂ ತಂದವರಿಲ್ಲ. ಯೂನಿಫಾರ್ಮಿನ ಅಂಚು ಒಳಗೆ ಮಡಚಿ ಹೊಲಿಸುವುದು, ಶೂ ತುದಿಗೆ ಹತ್ತಿ ತುರುಕುವುದು, ಬರುವ ವರ್ಷಕ್ಕೂ ಅದೇ ಆಗುವುದು.

ಅಂಗಡಿಯವರು ನನ್ನನ್ನೇ ನೋಡಿದರು. "ಅಮ್ಮಾರ, ಬಾಯಿಗೆ ಮಡಚಿ ಹೊಲಿಯಾಕ ಬರಂಗಿಲ್ರಿ."

"ನಾನು ಬಿ.ಎ. ಮಾಡೀನಿ, ನನಗ ಗೊತ್ತೈತಿ. ಕೊಡ್ರಿ."

ಕೊಂಡದ್ದೂ ಆಯಿತು, ಅಲ್ಲೇ ಪರೀಕ್ಷೆಯೂ ಆಗಲಿ ಎಂದು ಬಾಯಿಗೆ ಹಾಕಿಸಿದೆ. ರೇಡರ್ ಆದವಳು ಎದುರಾಳಿ ಅಂಕಣಕ್ಕೆ ಹೋದರೆ ಉಸಿರು ಬಿಡದೆ, ಅಂಪೈರಿಗೆ ಕೇಳುವಂತೆ 'ಕಬಡ್ಡಿ ಕಬಡ್ಡಿ' ಅನ್ನುತ್ತಲೇ ಇರಬೇಕು. ನಿಲ್ಲಿಸಿದರೆ ಔಟ್. ಅದನ್ನು ಅನ್ನಲು ಬಾರದ ಗಾರ್ಡ್ ಇದ್ದೂ ಇಲ್ಲದಂತೆ.

"ಅನ್ನು," ಎಂದೆ.

ಹುಡುಗಿ ನಾಚಿ ಮೆಲ್ಲಗೆ ಅಂದಳು.

"ಅಂಪೈರ್ ಏನು ನಿನ್ನ ಬಾಯಾಗ ಕಿವಿ ಇಡ್ತಾನೇನು? ಗಟ್ಟಿಯಾಗಿ ಅನ್ನು!"

ಗಟ್ಟಿಯಾಗಿ ಅಂದಳು. ಎರಡನೇ ಕಬಡ್ಡಿಗೆ ಗಾರ್ಡ್ ಅಲುಗಿತು. ಮೂರನೆಯದಕ್ಕೆ ಬಾಯಿಂದ ಹಾರಿ, ಕೌಂಟರಿನ ಗಾಜಿನ ಮೇಲೆ ಜಾರಿ, ಶಟಲ್ ಕಾಕ್ ಕೊಳ್ಳಲು ಬಂದಿದ್ದ ಒಬ್ಬರ ಮುಂದೆ ಹೋಗಿ ನಿಂತಿತು. ಅವರು ಒಳ್ಳೆಯ ಮನುಷ್ಯರು. ಕರವಸ್ತ್ರದಲ್ಲಿ ಎತ್ತಿ ನೇರವಾಗಿ ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ ದನಿ ತಗ್ಗಿಸಿ ಹೇಳಿದರು: "ಅಜ್ಜಿ, ನಿಮ್ಮ ಹಲ್ಲಿನ ಸೆಟ್ಟು ಬಿತ್ತು ನೋಡ್ರಿ."

ನನ್ನ ಬಾಯಲ್ಲಿರುವುದೆಲ್ಲ ಸ್ವಂತ ಹಲ್ಲು. ಅವರಿಗೆ ತೋರಿಸಿಯೇ ಮನೆಗೆ ಬಂದೆ.

ಕಡ್ಡಿರಾಂಪುರದ ನೀಲಿ ನಗು

ಕೊಂಡದ್ದನ್ನು ಬಿಸಾಡುವ ಪೈಕಿ ನಾನಲ್ಲ. "ಮೆಲ್ಲಗ ಅನ್ನು, ಬೀಳಂಗಿಲ್ಲ," ಎಂದು ಹುಡುಗಿಗೆ ತಿಳಿಹೇಳಿ ಭಾನುವಾರ ನಾನೇ ಅಭ್ಯಾಸಕ್ಕೆ ಕರೆದುಕೊಂಡು ಹೋದೆ. ಹಂಪಿ ರಸ್ತೆಯಲ್ಲಿ ಕಡ್ಡಿರಾಂಪುರದ ಪಕ್ಕ ಒಂದು ಖಾಲಿ ಹೊಲವಿದೆ, ಹುಡುಗಿಯರು ಅಲ್ಲೇ ಆಡುತ್ತಾರೆ. ಎದುರಿಗೆ ಒಂದು ಸಣ್ಣ ಹೋಟೆಲು. ನಾನು ಅದರ ಮುಂದಿನ ಬೆಂಚಿನ ಮೇಲೆ ಕೂತು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿಕೊಂಡೆ.

ಮೊದಲನೇ ರೇಡಿನಲ್ಲೇ ಆ ನೀಲಿ ಗಾರ್ಡ್ ಮಣ್ಣಿಗೆ ಬಿತ್ತು. ಹುಡುಗಿ ಬಗ್ಗುವಷ್ಟರಲ್ಲಿ ಹೋಟೆಲಿನ ನಾಯಿ ಬಂದು ಕಚ್ಚಿಕೊಂಡು ಓಡಿತು. ಅದರ ಹಿಂದೆ ನಾನು, ನನ್ನ ಹಿಂದೆ ಕಬಡ್ಡಿ ತಂಡ, ತಂಡದ ಹಿಂದೆ, "ಮಿರ್ಚಿ ತಟ್ಟಿ ಇಟ್ಟು ಹೋಗ್ರಿ ಅಮ್ಮಾರ!" ಎನ್ನುತ್ತ ಹೋಟೆಲಿನವರು. ತಟ್ಟೆ ನನ್ನ ಕೈಯಲ್ಲೇ ಇತ್ತು!

ಹೋಂಸ್ಟೇ ಒಂದರ ಗೇಟಿನ ಮುಂದೆ ನಾಯಿ ನಿಂತು ತಿರುಗಿತು. ಗಾರ್ಡ್ ಅದರ ಬಾಯಲ್ಲಿ ಎಷ್ಟು ಸರಿಯಾಗಿ ಕೂತಿತ್ತೆಂದರೆ, ನಾಯಿ ನನ್ನನ್ನು ನೋಡಿ ನೀಲಿ ಹಲ್ಲು ಬಿಟ್ಟು ನಗುತ್ತಿರುವಂತಿತ್ತು. ಒಳಗಿದ್ದ ವಿದೇಶಿ ಪ್ರವಾಸಿಗರು ಹಂಪಿಯ ಕಲ್ಲು ನೋಡಿ ದಣಿದಿದ್ದರೆಂದು ಕಾಣುತ್ತದೆ, ಎದ್ದು ಬಂದು ನಾಯಿಯದ್ದೂ ನನ್ನದೂ ಫೋಟೋ ತೆಗೆದುಕೊಂಡರು. ಸಂಜೆಯೊಳಗೆ ಹುಡುಗಿ ಇಡೀ ಕಥೆಯನ್ನು ಸಂಡೂರಿಗೆ ಮುಟ್ಟಿಸಿದಳು.

ಬೀಗತಿಯವರ ಫೋನ್ ಬಂತು. ನಗು ತಡೆದುಕೊಂಡ ದನಿ. "ಹೋಗ್ಲಿ ಬಿಡ್ರಿ ಬೀಗ್ರೆ. ನೀವು ಕೊಂಡಿದ್ದು ಅಂತೂ ಯಾರಿಗೋ ಒಬ್ಬರಿಗೆ ಸೈಜ್ ಕೂಡ್ತಲ್ಲ."

ಎಂಜಲು

ಆ ವಾರ ಬೀಗತಿಯವರು ಬೆಳಗಿನ ಬಸ್ಸಿಗೇ ಬಂದಿಳಿದರು. ಒಂದು ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಗಾರ್ಡಿನ ಪೊಟ್ಟಣ. ಉಂಡಿ ನಾನೂ ಕಟ್ಟುತ್ತೇನೆ. ಆದರೆ ನನ್ನ ಉಂಡಿ ವಾರವಾದರೂ ಡಬ್ಬಿಯಲ್ಲಿ ಉಳಿದಿರುತ್ತದೆ, ಸಂಡೂರಿನ ಉಂಡಿ ಸಂಜೆಗೇ ಖಾಲಿ. ಇದನ್ನೂ ಬರೆದಿಟ್ಟಿದ್ದೇನೆ.

ಹುಡುಗಿ ಶಾಲೆಯಲ್ಲಿದ್ದಳು. ಪೊಟ್ಟಣದೊಳಗಿನ ಚೀಟಿ ಇಂಗ್ಲಿಷಿನಲ್ಲಿತ್ತು. ಬೀಗತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೊನೆಗೆ ನನ್ನ ಕೈಗೆ ಕೊಟ್ಟರು. ಕನ್ನಡಕ ಒರೆಸಿಕೊಂಡು, ನಿಧಾನವಾಗಿ ಓದಿ ಹೇಳಿದೆ: ಬಿಸಿನೀರಿನಲ್ಲಿ ಅದ್ದಬೇಕು, ಮೆತ್ತಗಾದ ಮೇಲೆ ಬಾಯಲ್ಲಿಟ್ಟು ಕಚ್ಚಬೇಕು, ಆಮೇಲೆ ತಣ್ಣೀರಿಗೆ ಹಾಕಬೇಕು. ಕಚ್ಚಿದವರ ಹಲ್ಲಿನ ಅಚ್ಚು ಅದರಲ್ಲಿ ನಿಲ್ಲುತ್ತದೆ.

"ಸಂಜಿಗೆ ಕೂಸು ದಣಕೊಂಡು ಬರ್ತೈತಿ," ಎಂದೆ. "ಬಿಸಿ ಬಿಸಿದು ಅದರ ಬಾಯಾಗ ಯಾಕ ತುರುಕೋದು? ಹೆಂಗೂ ಅಕಿ ಹಲ್ಲು ನನ್ನ ಹಲ್ಲಿನಂಗ. ನಾನ ಕಚ್ಚಿ ತಯಾರು ಮಾಡಿ ಇಟ್ಟುಬಿಡ್ತೀನಿ."

"ನಿಮ್ಮಂಗಲ್ರಿ, ನನ್ನಂಗ," ಎಂದು ಅವರು ಅನ್ನುವಷ್ಟರಲ್ಲಿ ನೀರು ಕಾದಿತ್ತು. ಅದ್ದಿದೆ, ಕಚ್ಚಿದೆ, ತಣ್ಣೀರಿಗೆ ಹಾಕಿದೆ. ಅಚ್ಚು ನೋಡಿ ನನಗೇ ಹೆಮ್ಮೆಯಾಯಿತು.

ಬೀಗತಿ ಅದನ್ನು ಬೆಳಕಿಗೆ ಹಿಡಿದು, "ಇಷ್ಟಗಲ ಬಾಯಿ ನಮ್ಮ ಕೂಸಿಂದಲ್ಲ ಬಿಡ್ರಿ," ಎಂದವರೇ ಮತ್ತೆ ಬಿಸಿನೀರಿಗೆ ಹಾಕಿ ತಾವು ಕಚ್ಚಿದರು.

ನಾನು ನೋಡಿದೆ. "ಮುಂದಿನ ಹಲ್ಲಿನ ನಡುವ ಎತ್ತಿನಗಾಡಿ ಹೋಗೋವಷ್ಟು ಸಂದು ಐತ್ರಿ. ಅಕಿಗೆ ಸಂದು ಎಲ್ಲೈತಿ?" ಎಂದು ಮತ್ತೆ ನಾನು ಕಚ್ಚಿದೆ. ಮತ್ತೆ ಅವರು. ಮಧ್ಯಾಹ್ನದ ಹೊತ್ತಿಗೆ ಗಾರ್ಡ್ ತೆಳುವಾಗಿ ಹಪ್ಪಳದಂತಾಗಿತ್ತು.

ಸಂಜೆ ಹುಡುಗಿ ಬಂದು ಅದನ್ನು ಎತ್ತಿ ನೋಡಿದಳು. "ಇದನ್ನ ಯಾರು ಕಚ್ಯಾರ?"

"ನಾನು!" ಎಂದೆವು ಇಬ್ಬರೂ ಒಟ್ಟಿಗೆ.

"ಇಬ್ಬರದೂ ಎಂಜಲಾ?" ಎಂದು ಕಿರುಚಿ ಹುಡುಗಿ ಅದನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದಳು.

ಯಜಮಾನರು ನೆಲದಿಂದ ಗಾರ್ಡ್ ಎತ್ತಿ ನಮ್ಮಿಬ್ಬರ ನಡುವೆ ಇಟ್ಟರು. "ನೀವ ಇಟ್ಕೋರಿ. ದಿನಾ ಜಗಳ ಆಡೋರಿಗೆ ಬೇಕಾಗ್ತೈತಿ."

ಡಾಕ್ಟರ ತೀರ್ಪು

ಸೊಸೆಯದು ಮಾತು ಕಡಿಮೆ. ಅಂದು ಮಾತ್ರ, "ನಾಳೆ ಹಲ್ಲಿನ ಡಾಕ್ಟರ ಹತ್ರ ಹೋಗೋದು. ನೀವಿಬ್ಬರೂ ಬರೋದು ಬ್ಯಾಡ," ಎಂದಳು. ಇಬ್ಬರೂ ಹೋದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹುಡುಗಿಯ ಹಲ್ಲಿಗೆ ಹಿಟ್ಟಿನಂಥದ್ದನ್ನು ಒತ್ತಿ ಅಚ್ಚು ತೆಗೆದುಕೊಂಡರು. ಅದರ ಮೇಲೆ ಗಾರ್ಡ್ ಮಾಡಿಸುವುದಾಗಿ, ಅದು ತೆಳುವಾಗಿದ್ದರೂ ಬಿಗಿಯಾಗಿ ಕೂರುವುದಾಗಿ, ಉಸಿರಾಟಕ್ಕೂ ಮಾತಿಗೂ ಅಡ್ಡ ಬರುವುದಿಲ್ಲವೆಂದು ತಿಳಿಸಿದರು. ಬಿಸಿನೀರಿನಲ್ಲಿ ಮಾತ್ರ ತೊಳೆಯಬೇಡಿ ಎಂದಾಗ ಸೊಸೆ ನಮ್ಮ ಕಡೆ ನೋಡಿದಳು. ಬಣ್ಣ ಯಾವುದಿರಲಿ ಎಂದದ್ದಕ್ಕೆ ಹುಡುಗಿ, "ಅರಿಶಿಣ ಕೆಂಪು," ಎಂದಳು.

ಎಲ್ಲ ಮುಗಿದ ಮೇಲೆ ನಾನು ಕೇಳಿದೆ: "ಡಾಕ್ಟ್ರೆ, ನೀವು ಓದಿದವರು, ನಾನೂ ಓದಿದಾಕಿ. ಖರೇ ಹೇಳ್ರಿ. ಈ ಕೂಸಿನ ಹಲ್ಲು ಯಾರ ಹಲ್ಲಿನಂಗ ಅದಾವು?"

"ಕುಂದ್ರಿ, ನೋಡೋಣ," ಎಂದು ನಗುತ್ತ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಕುರ್ಚಿಯಲ್ಲಿ ಮಲಗಿಸಿ ನೋಡಿದರು. "ಕೂಸಿನ ಹಲ್ಲು ಇಬ್ಬರ ಹಂಗೂ ಇಲ್ರಿ. ಆದ್ರ ನಿಮ್ಮಿಬ್ಬರದು ಒಂದ ಥರ ಅದಾವು ನೋಡ್ರಿ. ಇಬ್ಬರಿಗೂ ಎಡಗಡಿ ದವಡಿ ಹಲ್ಲು ಹುಳುಕಾಗೈತಿ. ಅಕ್ಕ ತಂಗೇರೇನ್ರಿ?"

ನನಗೆ ಅವಮಾನವಾದರೂ ಒಂದು ಆಸೆ ಉಳಿದಿತ್ತು. "ಯಾರದು ಹೆಚ್ಚು ಹುಳುಕಾಗೈತ್ರಿ?"

"ಈ ಅಮ್ಮಾರದು ಸ್ವಲ್ಪ ಹೆಚ್ಚು," ಎಂದು ಬೀಗತಿಯವರ ಕಡೆ ಕೈ ಮಾಡಿದರು.

ಎದೆ ತಣ್ಣಗಾಯಿತು. ಆದರೆ ಹೊರಗೆ ಬಂದು ಆಟೋ ಹತ್ತುವಾಗ ಬೀಗತಿಯವರು ಸೆರಗು ಸರಿ ಮಾಡಿಕೊಂಡು ಹೇಳಿದರು: "ಡಾಕ್ಟ್ರು ಹೇಳಿದ್ದು ಕೇಳಿದ್ರಿಲ್ಲ ಬೀಗ್ರೆ? ಅದರಾಗೂ ನಾನ ಫಸ್ಟ್."

ಕಂಪ್ಲಿಯಿಂದ ಬರುವ ಬಸ್ಸು

ಕಂಪ್ಲಿಗೆ ಎಲ್ಲರೂ ಹೋದೆವು. ಗಾರ್ಡ್ ಹಾಕಿಕೊಂಡು ಮೈದಾನಕ್ಕೆ ಇಳಿಯುವ ಮುಂಚೆ ಹುಡುಗಿ ಅದರ ಖಾಲಿ ಡಬ್ಬಿಯನ್ನು ಬೀಗತಿಯವರ ಕೈಗೆ ಕೊಟ್ಟು, "ಸಂಡೂರಜ್ಜಿ, ಜ್ವಾಪಾನ," ಎಂದಳು. ಅವರಿಗೆ ಊರಿನ ಹೆಸರು ಸೇರಿಸಿದ ಬಿರುದು, ನಾನು ಬರೀ ಅಜ್ಜಿ. ಬೀಗತಿಯವರು ಆ ಡಬ್ಬಿಯನ್ನು ಅಕ್ಷತೆಯ ಬಟ್ಟಲಿನಂತೆ ಎರಡೂ ಕೈಯಲ್ಲಿ ಹಿಡಿದು ಕೂತರು. ನಾನು ಅತ್ತ ನೋಡಲಿಲ್ಲ.

ಫೈನಲ್ಲಿನಲ್ಲಿ ಅಂಕ ಸಮ ಸಮ. ಕೊನೆಯ ರೇಡು ನಮ್ಮ ಹುಡುಗಿಯದು. 'ಕಬಡ್ಡಿ ಕಬಡ್ಡಿ' ಎನ್ನುವುದು ನಾವು ಕೂತಲ್ಲಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳ ಜೊತೆಗೆ ನಾನೂ ಉಸಿರು ಬಿಗಿ ಹಿಡಿದಿದ್ದೆ. ಒಬ್ಬಳನ್ನು ಮುಟ್ಟಿ ತಿರುಗುವಷ್ಟರಲ್ಲಿ ಇನ್ನೊಬ್ಬಳು ಎದುರಿನಿಂದ ನುಗ್ಗಿದಳು. ಅವಳ ತಲೆ ಬಂದು ನೇರವಾಗಿ ನಮ್ಮ ಹುಡುಗಿಯ ದವಡೆಗೆ ಬಡಿಯಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹುಡುಗಿ ಬಿದ್ದಳು. ಬಿದ್ದಲ್ಲಿಂದಲೇ ಕೈ ಚಾಚಿ ಗೆರೆ ಮುಟ್ಟಿದಳು. ಮೇಲೆ ಮಾತ್ರ ಏಳಲಿಲ್ಲ.

ಬೀಗತಿಯವರು ನನ್ನ ಕೈ ಹಿಡಿದುಕೊಂಡರು, ಅಥವಾ ನಾನೇ ಅವರ ಕೈ ಹಿಡಿದೆನೋ. ಇದೊಂದನ್ನು ಬರೆದಿಡುವಷ್ಟು ಎಚ್ಚರ ನನಗಿರಲಿಲ್ಲ. ಪಿ.ಟಿ. ಸರ್ ಬಗ್ಗಿ ಏನೋ ಕೇಳಿದರು. ಹುಡುಗಿ ಮುಖ ಎತ್ತಿ ನಕ್ಕಳು. ಬಾಯಿ ತುಂಬ ಅರಿಶಿಣ ಕೆಂಪು, ಅದರ ಹಿಂದೆ ಒಂದೂ ಅಲುಗದ ಹಲ್ಲುಗಳು. ಸೀಟಿ ಊದಿದರು. ಗೆದ್ದಿದ್ದರು.

ಎದ್ದವಳೇ ನಮ್ಮ ಕಡೆ ಓಡಿ ಬಂದಳು. ನಾನು ಎರಡೂ ತೋಳು ಚಾಚಿದೆ. ಪಕ್ಕದಲ್ಲಿ ಬೀಗತಿಯವರೂ ಚಾಚಿದ್ದರು. ಹುಡುಗಿ ಬಾಯಿಂದ ಜೊಲ್ಲು ಸುರಿಯುವ ಗಾರ್ಡ್ ತೆಗೆದು, "ಹಿಡಿ ಅಜ್ಜಿ," ಎಂದು ನನ್ನ ಅಂಗೈಗೆ ಹಾಕಿ, ಹೋಗಿ ಬೀಗತಿಯವರನ್ನು ಅಪ್ಪಿಕೊಂಡಳು. ಯಾರೋ ಫೋಟೋ ತೆಗೆದರು. ಅದರಲ್ಲಿ ನನ್ನದು ಕೈ ಮಾತ್ರ ಬಂದಿದೆ. ಆಗ ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಇನ್ನೊಂದು ಗಾರ್ಡ್ ಮೆತ್ತಗಾಗುತ್ತಿತ್ತು.

ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟು. ಅಪ್ಪುಗೆ ಗೆದ್ದವರು ಬೀಗತಿಯವರು, ಆದರೆ ಮುಖ ಬಾಡಿತ್ತು. ತಡೆಯಲಾರದೆ, "ಯಾಕ್ರಿ ಬೀಗ್ರೆ?" ಎಂದೆ.

"ಏನಿಲ್ರಿ. ಅಪ್ಪಿಕೊಳ್ಳೋದು ಬಿಡ್ರಿ, ಯಾರನ್ನಾದ್ರೂ ಅಪ್ಪಿಕೊಂತಾರ. ಗೆದ್ದ ಖುಷಿಗೆ ಸೋತ ಟೀಮಿನ ಹುಡುಗೇರನ್ನೂ ಅಪ್ಪಿಕೊಂಡ್ಲು. ಎಂಜಲು ಮಾತ್ರ ನಿಮ್ಮ ಕೈಗೆ ಕೊಟ್ಲು. ಅದು ತಮ್ಮೋರು ಅನ್ನೋರ ಕೈಗೆ ಕೊಡೋದು. ನನಗ ಕೊಟ್ಲೇನು?"

ಅಂಗೈಯಲ್ಲಿ ಇನ್ನೂ ಹಿಡಿದೇ ಇದ್ದ ಗಾರ್ಡ್ ನೋಡಿಕೊಂಡೆ. ಈ ಮಾತು ನನಗೆ ಹೊಳೆದೇ ಇರಲಿಲ್ಲ. ತಕ್ಷಣ ಮುಷ್ಟಿ ಬಿಗಿ ಮಾಡಿದೆ.

"ಇಲ್ಲಿ ಕೊಡ್ರಿ, ಡಬ್ಬಿಗೆ ಹಾಕ್ತೀನಿ," ಎಂದರು.

"ಡಬ್ಬಿ ಇಲ್ಲಿ ಕೊಡ್ರಿ, ನಾನ ಹಾಕ್ತೀನಿ," ಎಂದೆ.

"ಡಬ್ಬಿ ನನಗ ಕೊಟ್ಟಾಳ."

"ಗಾರ್ಡ್ ನನಗ ಕೊಟ್ಟಾಳ."

ಬುಕ್ಕಸಾಗರ ದಾಟಿದರೂ ಇದು ಮುಗಿಯಲಿಲ್ಲ. ಕೊನೆಗೆ ಹುಡುಗಿ ಹಿಂದಿನ ಸೀಟಿನಿಂದ ಎದ್ದು ಬಂದು, ನನ್ನ ಮುಷ್ಟಿ ಬಿಡಿಸಿ, ಅವರ ಡಬ್ಬಿ ಕಸಿದು, ಬಾಟಲಿ ನೀರಿನಲ್ಲಿ ಗಾರ್ಡ್ ತೊಳೆದು ಒಳಗಿಟ್ಟು ಮುಚ್ಚಿದಳು. ಆಚೆ ಸೀಟಿನಲ್ಲಿದ್ದ ನಮ್ಮ ಯಜಮಾನರ ಕೈಗೆ ಕೊಟ್ಟು, "ಅಜ್ಜ, ನೀನ ಇಟ್ಕೋ. ಇವರ ಕೈಯಾಗ ಕೊಟ್ರ ಮತ್ತ ಕುದಸ್ತಾರ," ಎಂದು ಹೋಗಿ ಕೂತಳು.

ಇಡೀ ಪ್ರಕರಣದಲ್ಲಿ ತನಗೆಂದು ಏನನ್ನೂ ಬೇಡದಿದ್ದ ಮನುಷ್ಯ! ಆಗಷ್ಟೇ ಬಾಳೆಹಣ್ಣು ತಿಂದು ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರು. ಅಂಗಿಯ ಜೇಬಿನಲ್ಲಿ ಅದರ ಡಬ್ಬಿ, ಅದರ ಪಕ್ಕ ಈಗ ಇದು. ಬೀಗತಿಯವರು ಮೊಣಕೈಯಿಂದ ತಿವಿದರು.

"ನಿಮ್ಮ ಯಜಮಾನ್ರು ಭಾಳ ಹುಷಾರ್ ಅದಾರ್ರಿ."

"ಮೊದಲಿಂದ್ಲೂ ಹಂಗ," ಎಂದೆ. ಬೀಗತನವಾದಾಗಿನಿಂದ ನಾವಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಇಬ್ಬರೂ ಆ ಜೇಬನ್ನೇ ನೋಡುತ್ತ ಕೂತೆವು. ಯಜಮಾನರಿಗೂ ಅದು ತಿಳಿಯಿತು. ಕಮಲಾಪುರ ಬರುವ ಹೊತ್ತಿಗೆ ಬೊಚ್ಚುಬಾಯಲ್ಲಿ ನಕ್ಕು, "ಜಗಳ ಬ್ಯಾಡ. ಇಬ್ಬರಿಗೂ ಒಂದೊಂದು ಡಬ್ಬಿ," ಎಂದು ಎರಡನ್ನೂ ತೆಗೆದರು. ಮನೆಗೆ ಬಂದ ಬೀಗರಿಗೆ ಮೊದಲ ಮರ್ಯಾದೆ ಎಂದು ಗಾರ್ಡಿನ ಡಬ್ಬಿಯನ್ನು ಅವರಿಗೆ ಕೊಟ್ಟರು. ನನ್ನ ಕೈಗೆ ತಮ್ಮ ಹಲ್ಲಿನ ಡಬ್ಬಿ ಇಟ್ಟರು.

ಬೀಗತಿಯವರು ತಮ್ಮ ಕೈಯಲ್ಲಿದ್ದ ತೊಳೆದ ಗಾರ್ಡ್ ನೋಡಿದರು. ನನ್ನ ಕೈಯಲ್ಲಿದ್ದ, ಇನ್ನೂ ತೊಳೆಯದ ಹಲ್ಲಿನ ಡಬ್ಬಿ ನೋಡಿದರು. ನಿಟ್ಟುಸಿರು ಬಿಟ್ಟರು.

"ನೋಡ್ರಿ, ಎಂಜಲು ಮತ್ತ ನಿಮಗ ಕೊಟ್ರು."

ನನಗೆ ಅದೇ ಮೊದಲ ಸಲ ಅವರ ಮೇಲೆ ಎಳ್ಳಷ್ಟೂ ಹೊಟ್ಟೆಕಿಚ್ಚಾಗಲಿಲ್ಲ.

"ಅಷ್ಟ್ಯಾಕ ಬ್ಯಾಸರ ಬೀಗ್ರೆ," ಎಂದೆ, ಡಬ್ಬಿ ಮುಂದೆ ಚಾಚಿ. "ತಗೋರಿ, ಬದಲ ಮಾಡ್ಕೊಳ್ಳೋಣ."